ಭಾಗಿಯ ಕಾಲಿನೊಳಗಿನ ಕಿಡಿ

ನನ್ನದೊಂದು ಚಾಳಿ ಇದೆ. ಯಾವುದಾದರೂ ಮೈಗೆ ಒಳ್ಳೆಯದು ಎಂದು ಕಿವಿಗೆ ಬಿದ್ದರೆ ಸಾಕು, ಮನೆಮಂದಿ ಬೇಡ ಬೇಡ ಎನ್ನುವ ತನಕ ತಿನ್ನಿಸುತ್ತೇನೆ. ತುಪ್ಪವಾಯಿತು, ಶೇಂಗಾ ಚಟ್ನಿಪುಡಿಯಾಯಿತು, ನನ್ನ ಕೈಯಿಂದ ಪಾರಾದವರಿಲ್ಲ. ನಮ್ಮ ಯಜಮಾನರಂತೂ ಉಣ್ಣಲು ಕೂತರೆ ಒಂದು ಕೈ ತಾಟಿಗೆ ಅಡ್ಡ ಹಿಡಿದೇ ಉಣ್ಣುತ್ತಿದ್ದರು.

ಈ ಸಲ ಸಿಕ್ಕಿದ್ದು ಮೊಮ್ಮಗಳು ಭಾಗ್ಯಶ್ರೀ, ನಮ್ಮ ಭಾಗಿ. ಸೈಕಲ್ ರೇಸಿನ ಹುಡುಗಿ. ರಾಜ್ಯದ ತಂಡದ ಆಯ್ಕೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಇಂಡಿ ರಸ್ತೆಯಲ್ಲಿ ತುಳಿದು ಬಂದವಳು ಬೆವರು ಒರೆಸಿಕೊಳ್ಳುತ್ತ ಹೇಳಿದಳು: ಜೋರಾಗಿ ತುಳಿದಾಗ ಎಳೆದ ಉಸಿರು ಕಾಲಿನ ಸ್ನಾಯುಗಳೊಳಗೆ ಉರಿಯುತ್ತದಂತೆ, ಕಿಡಿ ಸಿಡಿಯುತ್ತದಂತೆ, ಕಬ್ಬಿಣಕ್ಕೆ ತುಕ್ಕು ಹತ್ತಿದ ಹಾಗೆ ಮೈಯೊಳಗೂ ಹತ್ತುತ್ತದಂತೆ. ನಿಂಬೆ ತೋಟದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕೆ? ತಾಮ್ರದ ಹಂಡೆಯ ಕಿಲುಬನ್ನು ನಾವು ತಿಕ್ಕಿ ತೆಗೆಯುವುದೇ ನಿಂಬೆಹಣ್ಣಿನಿಂದ. ಹೊರಗಿನದಕ್ಕೆ ನಡೆದದ್ದು ಒಳಗಿನದಕ್ಕೆ ನಡೆಯದೇನು? ನಿಂಬೆಯ ಸತ್ವವೇ ಗುಳಿಗೆಯಲ್ಲೂ ಸಿಗುತ್ತದೆ ಎಂದು ಔಷಧ ಅಂಗಡಿಯಲ್ಲಿ ಹೇಳಿದ ಮೇಲೆ, ಅದನ್ನೂ ಕುಟ್ಟಿ ದಿನಾಲೂ ಅವಳ ನಿಂಬೆ ಶರಬತ್ತಿಗೆ ಸುರಿದೆ, ಅವರು ಹೇಳಿದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ. ಪಾಪ, ಭಾಗಿ ಒಂದು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು.

ಎಷ್ಟು ತುಳಿದರೂ ವೇಗ ಇದ್ದಲ್ಲೇ ಇತ್ತು. ಹೀಗಾದರೆ ಆಯ್ಕೆ ಆಗಲಿಕ್ಕಿಲ್ಲ ಎಂದು ತರಬೇತಿಯ ಮೇಡಂ ಅವಳ ಊಟ-ನೀರೆಲ್ಲ ವಿಚಾರಿಸಿದರಂತೆ. ಅವತ್ತು ಮನೆಗೆ ಬಂದವಳು ಲೋಟ ಬದಿಗೆ ಸರಿಸಿದಳು.

"ಆಯಿ, ಮೇಡಂ ಹೇಳಿದ್ರು, ಆ ಕಿಡಿ ಬರೀ ಸುಡಾಕ ಹುಟ್ಟಿಲ್ಲ. ಅದನ್ನ ಕಂಡ ಮ್ಯಾಲೇ ಮೈ ಎಚ್ಚರಾಗಿ ಗಟ್ಟಿ ಆಗ್ತೈತಿ. ನೀ ದಿನಾ ಆ ಗುಳಿಗಿ ಸುರಿದು ಎಲ್ಲಾ ಆರಿಸಿಬಿಟ್ರ ಅದು ಕಲಿಯೂದರ ಹ್ಯಾಂಗ?"

"ಹಂಗಾರ ನಾ ಬೆಂಕಿ ಆರಿಸೂ ಗಾಡಿ ತಂದು ನಿಲ್ಲಿಸಿದ್ನೇನು?"

"ಗಾಡಿ ಎಲ್ಲೀದು, ಇಡೀ ಭೀಮಾ ಹೊಳೀನ ಇತ್ತ ತಿರುವಿದಿ."

ನಾನು ಅವಳ ಕಾಲನ್ನೇ ನೋಡುತ್ತ ಕೂತೆ. ಕೂಸಿದ್ದಾಗ ಎಣ್ಣೆ ಹಚ್ಚಿ ನಾನೇ ತಿಕ್ಕಿ ಎರೆದ ಕಾಲುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಒಲೆ ಹಚ್ಚುವುದು, ಆರಿಸುವುದು, ಸುಟ್ಟದ್ದನ್ನು ಮತ್ತೆ ಕಟ್ಟುವುದು. ಇಷ್ಟು ದೊಡ್ಡ ಕಾರಖಾನೆ ಅಲ್ಲೇ ನಡೆದಿತ್ತು, ತಿಕ್ಕಿದ ಈ ಕೈಗೆ ಸುಳಿವೇ ಹತ್ತಿರಲಿಲ್ಲ. ಸಾಲಿ ಕಲಿಯದ ನನಗೆ ಮೈಯೆಲ್ಲ ಜುಮ್ಮೆಂದಿತು.

ಶರಬತ್ತು ನಿಂತಿತು. ವೇಗ ಮೆಲ್ಲಗೆ ಏರಿತು. ಆಯ್ಕೆಯಾದ ಸುದ್ದಿಯ ಫೋನ್ ಬಂದಾಗ ನಾನು ಇಂಡಿ ಸಂತೆಯಿಂದ ಊರಿಗೆ ಬಸ್ ಹತ್ತಿದ್ದೆ. ಬಾಯಿ ಸುಮ್ಮನಿರುತ್ತದೆಯೇ? ಪಕ್ಕದವರಿಗೆ, ಹಿಂದಿನವರಿಗೆ, ಕೊನೆಗೆ ಕಂಡಕ್ಟರನಿಗೂ ಉಸಿರು, ಕಿಡಿ, ಸ್ನಾಯು ಎಲ್ಲ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ, ಅಮ್ಮಾ, ನೀವು ಇಳಿಯೂದು ಎಲ್ಲಿ ಎಂದ. ಕಿಟಕಿಯಲ್ಲಿ ನೋಡಿದರೆ, ನಮ್ಮೂರು ಯಾವಾಗಲೋ ದಾಟಿ ಸಿಂದಗಿ ಬಸ್ ನಿಲ್ದಾಣ.

ಭಾಗಿಗೆ ಫೋನ್ ಹಚ್ಚಿದೆ. ನಗು ತಡೆದುಕೊಂಡು ಕೇಳಿದಳು: "ಆಯಿ, ಆಯ್ಕೆ ಆದಾಕಿ ನಾನು. ನೀ ಯಾಕ ನನಗಿಂತ ಮುಂದ ಹೊಂಟಿ?"