ಮಾವನವರ ಆಂಪ್ಲಿಫೈಯರನ್ನು ದೀಪ ಮಾಡಹೊರಟವರಿಗೆ

ಟಾಂಟಾ ಪೇಟೆಯಲ್ಲಿ ಹಳೆಯ ರೇಡಿಯೋಗಳ ವೈದ್ಯರೆಂದು ಹೆಸರಾದ ಮಾನ್ಯ ಉಸ್ತಾ ಶೌಕಿಯವರಿಗೂ, ಅವರ ಅಂಗಡಿಯ ಬಾಗಿಲಿಗೆ ಅಂಟಿಸಿದ ಈ ಕಾಗದವನ್ನು ನಿಂತು ಓದುವ ಎಲ್ಲರಿಗೂ ಸಲಾಂ.

ಮಾನ್ಯರೇ,

ಇವತ್ತು ಗುರುವಾರ, ನನಗೆ ಉಪವಾಸ. ಎಮ್ಮೆ ಕರೆದು, ಬಾತುಗಳಿಗೆ ಕಾಳು ಚೆಲ್ಲಿ, ರೊಟ್ಟಿಯ ಹಿಟ್ಟು ನಾದಿ ಉಬ್ಬಲು ಬಿಟ್ಟು ಕೂತಿದ್ದೇನೆ. ಉಪವಾಸದ ದಿನ ಬಾಯಿಂದ ಬಿರುನುಡಿ ಬರಬಾರದೆಂದು ಹಿರಿಯರು ಕಲಿಸಿದ್ದಾರೆ. ಕೈಯ ವಿಷಯ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮಾವ ಶೇಖ್ ಮಿತ್ವಲ್ಲಿಯವರಿಗೆ ಎಂಬತ್ತೆರಡು ವರ್ಷ, ಹುಟ್ಟಿನಿಂದ ಕಣ್ಣಿಲ್ಲ. ಸುತ್ತಲಿನ ಊರುಗಳ ಸಾವಿನ ಚಪ್ಪರಗಳಲ್ಲಿ ಕುರ್‌ಆನ್ ಪಠಿಸುತ್ತ ಬಂದವರು. ಸಣ್ಣಗಾದ ಅವರ ದನಿಯನ್ನು ಹಿಂದಿನ ಸಾಲಿನವರೆಗೆ ಮುಟ್ಟಿಸುತ್ತಿದ್ದುದು ಆ ಗಾಜಿನ ವಾಲ್ವುಗಳ ಹಳೆಯ ಆಂಪ್ಲಿಫೈಯರ್ ಒಂದೇ. ಹೊಸ ಪೆಟ್ಟಿಗೆಗಳಲ್ಲಿ ಆ ದನಿ ಡಬ್ಬದಲ್ಲಿ ಸಿಕ್ಕಿಕೊಂಡ ನೊಣದಂತೆ ಕೇಳುತ್ತದೆಂದು ಜನ ಕರೆಯುವುದನ್ನೇ ಬಿಟ್ಟರು. ಅದು ಕೆಟ್ಟು ತಮ್ಮ ಅಂಗಡಿ ಸೇರಿ ಏಳು ತಿಂಗಳು. ಅಂದಿನಿಂದ ಬೆಳಗಾದರೆ ಅವರ ಮೊದಲ ಮಾತು, "ಬಂತೇನಮ್ಮಾ ನನ್ನ ಗಂಟ್ಲು?"

ತಮ್ಮ ವಿದ್ವತ್ತಿಗೆ ಮಿತಿಯೇ ಇಲ್ಲ. ಮೊದಲು ವಾಲ್ವು ಹೋಗಿದೆ ಎಂದಿರಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದಿರಿ, ಆಮೇಲೆ ಅಲೆಕ್ಸಾಂಡ್ರಿಯಾದಿಂದ ಸಾಮಾನು ಬರಬೇಕು ಎಂದಿರಿ. ಪ್ರತಿ ಸಲವೂ, "ನಾಳಿದ್ದು ಬನ್ನಿ ಹಾಜ್ಜಾ, ಇನ್ಶಾ ಅಲ್ಲಾ ಹಾಡುತ್ತೆ." ದೇವರ ಇಚ್ಛೆಗೆ ಎದುರಾಡುವವಳು ನಾನಲ್ಲ. ಆದರೆ ಏಳು ತಿಂಗಳು ಬೇಡವೆಂದವನು ದೇವರೋ, ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳದವರು ತಾವೋ? ಆದ್ದರಿಂದ ಒಂದೇ ಒಂದು ಸಲ ಆ ಇನ್ಶಾ ಅಲ್ಲಾ ಸೇರಿಸದೆ ಒಂದು ದಿನ ಹೇಳಿಬಿಡಿ. ಪಾಪ ನನಗಿರಲಿ, ಮೂರು ಉಪವಾಸ ಹೆಚ್ಚಿಗೆ ಹಿಡಿಯುತ್ತೇನೆ.

ಮೊನ್ನೆ ಮಂಗಳವಾರ ತಾವು ಅಪ್ಪಣೆ ಕೊಡಿಸಿದ್ದು ಬೇರೆ. "ಇದು ಸತ್ತ ಹಾಗೇ ಹಾಜ್ಜಾ. ಒಳಗಿಂದೆಲ್ಲ ಕಿತ್ತು ಬಲ್ಬ್ ಇಟ್ರೆ ಎಂಥಾ ದೀಪ ಆಗುತ್ತೆ ಗೊತ್ತಾ! ಕೈರೋದ ಕಾಫಿ ಅಂಗಡಿಯೋರು ಇಂಥದಕ್ಕೆ ಮುಗಿಬೀಳ್ತಾರೆ." ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾವ ನಕ್ಕರು. "ಒಳ್ಳೇದಾಯ್ತು ಬಿಡಮ್ಮ, ಇಷ್ಟು ವರ್ಷ ಕತ್ತಲೇಲೇ ಕೂತಿದ್ದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ರೊಟ್ಟಿ ಮುಟ್ಟಲಿಲ್ಲ.

ನಾನು ಹಟಮಾರಿಯಲ್ಲ. ನಿಜವಾಗಿ ಸತ್ತಿದ್ದರೆ ಸತ್ತಿದೆ ಎಂದು ಬರೆದುಕೊಡಿ, ಮನೆಗೆ ತಂದು ಬಾತು ಕಾವು ಕೂರಲು ಬಿಡುತ್ತೇನೆ. ಬದುಕಿದ್ದರೆ ರಿಪೇರಿ ಮಾಡಿ. ಹೆಣವೂ ಅಲ್ಲದ, ಮನುಷ್ಯನೂ ಅಲ್ಲದ ಸ್ಥಿತಿಯಲ್ಲಿ ಕಾಯಿಸಬೇಡಿ. ಪೆಟ್ಟಿಗೆಯನ್ನಲ್ಲ, ಮಾವನವರನ್ನು.

ತಮ್ಮ ವಿಶ್ವಾಸಿ, ವಿಶ್ವಾಸ ತಳ ಕಂಡಿರುವ
ಇನ್ಸಾಫ್ ಅಬ್ದುಲ್ ಗವ್ವಾದ್

ಮರೆತ ಮಾತು: ಶನಿವಾರ ಮಾವನವರೇ ಬಂದು ತಮ್ಮ ಅಂಗಡಿಯೊಳಗಿನ ಕುರ್ಚಿಯಲ್ಲಿ ಕೂತು ಕುರ್‌ಆನಿನ ಅತಿ ದೊಡ್ಡ ಅಧ್ಯಾಯವನ್ನು ಪೂರ್ತಿ ಪಠಿಸುವವರಿದ್ದಾರೆ. ಪಠಣ ನಡೆಯುವಾಗ ಕೈಕೆಲಸ ಬಿಟ್ಟು ಸುಮ್ಮನೆ ಕೇಳಬೇಕೆಂದು ತಮಗೆ ಹೇಳಿಕೊಡಬೇಕಿಲ್ಲ. ನಿಧಾನದ ಪಠಣ, ಮಧ್ಯಾಹ್ನ ದಾಟುತ್ತದೆ. ಮುಗಿಯದಿದ್ದರೆ ಭಾನುವಾರವೂ ಬರುತ್ತಾರೆ. ಅವರ ದನಿ ಈಗ ಬೀದಿಯವರೆಗೆ ಹೋಗದು, ತಮ್ಮ ಮೇಜಿನವರೆಗೆ ಧಾರಾಳವಾಗಿ ಬರುತ್ತದೆ. ಓದಿದವರಲ್ಲಿ ನಮ್ಮೂರ ಬಸ್ಸು ಹತ್ತುವವರಿದ್ದರೆ, ಶನಿವಾರ ನಾನು ಮಾವನವರಿಗೆ ಜುಬ್ಬಾ ತೊಡಿಸುವುದರೊಳಗೆ ಉಸ್ತಾ ಅವರ ಉತ್ತರವನ್ನು ಇಸಿದುಕೊಂಡು ಬಂದು ನನ್ನ ಕೈಗೆ ಕೊಡಿ.