ಒಂದು ನೂಲು ಜಾಸ್ತಿ

ನಮ್ಮ ಸೋದರಮಾವ ಕೂತಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ಅವರಿಗೆ ಶಾಲು ಹೊದಿಸಿ ಹಾರ ಹಾಕಿ ಸನ್ಮಾನ ಮಾಡುತ್ತೇನೆ! ಹೀಗೆಂದು ನಾನು ಬಹಳ ವರ್ಷ ಗೆಳತಿಯರ ಹತ್ತಿರ ಪಂಥ ಕಟ್ಟುತ್ತಿದ್ದೆ. ಒಂದು ಶಾಲೂ ಖರ್ಚಾಗಲಿಲ್ಲ. ಮಾವ ನಿಂತೇ ತಿಂಡಿ ತಿನ್ನುತ್ತಿದ್ದರು, ನಿಂತೇ ಪೇಪರ್ ಓದುತ್ತಿದ್ದರು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತೇ ಬರುತ್ತಿದ್ದರು. "ಕೂತ್ಕೊಳ್ಳಿ ಸಾರ್" ಎಂದು ಕಂಡಕ್ಟರ್ ಅಂದರೆ, "ಕೂತ್ರೆ ಬಸ್ಸು ಬೇಗ ಹೋಗತ್ತೇನಪ್ಪ?" ಎಂದು ಕೇಳುತ್ತಿದ್ದರು. ಅವನು ಪಾಪ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಿದ್ದ.

ಹೆಣ್ಣು ನೋಡಲು ಹೋದಾಗಲಾದರೂ ಕೂತಿರಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅತ್ತೆಯನ್ನೇ ಕೇಳಿದೆ. ಅಲ್ಲಿ ಕೂರಲು ಕೊಟ್ಟ ಕುರ್ಚಿ ಕಿರ್ ಎಂದಿತಂತೆ. ಮಾವ ಅದನ್ನು ತಲೆಕೆಳಗು ಮಾಡಿ, ಸುತ್ತಿಗೆ ತರಿಸಿಕೊಂಡು, ಅತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಕುರ್ಚಿಯ ಕಾಲಿಗೆ ಬೆಣೆ ಹೊಡೆಯುತ್ತಿದ್ದರಂತೆ. "ನನ್ನನ್ನೆಲ್ಲಿ ನೋಡಿದ್ರು? ಕುರ್ಚಿ ಒಪ್ಪಿಗೆಯಾಯ್ತು, ಮದುವೆ ಆಯ್ತು" ಎಂದರು ಅತ್ತೆ. ಹೋಗಲಿ, ಧಾರೆಯಲ್ಲಾದರೂ ಕೂತಿರಲೇಬೇಕಲ್ಲ? ಧಾರೆ ಎರೆಯುವುದು ನಿಂತುಕೊಂಡೇ ಸ್ವಾಮಿ!

ಮಾವನದು ಭದ್ರಾವತಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಪ್ಯಾಟರ್ನ್ ಮಾಡುವ ಕೆಲಸ. ಕಬ್ಬಿಣದಲ್ಲಿ ಏನೇ ಎರಕ ಹೊಯ್ಯಬೇಕಾದರೂ ಮೊದಲು ಅದನ್ನೇ ಮರದಲ್ಲಿ ಮಾಡಬೇಕಂತೆ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಂಡಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಮೂವತ್ತೆರಡು ವರ್ಷ ಈ ಕೆಲಸವನ್ನು ನಿಂತೇ ಮಾಡಿ ಮಾವ ನಿವೃತ್ತರಾದರು. ಕೈಗೆ ಮಾತ್ರ ನಿವೃತ್ತಿ ಎಲ್ಲಿಂದ ಬರಬೇಕು? ಜೇಬಿನಲ್ಲಿ ಒಂದು ಹಳೆಯ ಉಕ್ಕಿನ ಸ್ಕೇಲು ಇಟ್ಟುಕೊಂಡು ನೆಂಟರಿಷ್ಟರಿಗೆಲ್ಲ ಸಾಮಾನು ಮಾಡಿಕೊಡಲು ಹೊರಟರು. ಅಲ್ಲಿಂದ ಶುರುವಾಯಿತು ನೆಂಟರ ಕಷ್ಟ.

ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯ ಗೋಡೆಯಲ್ಲಿ ನಾಲ್ಕಡಿ ಅಗಲದ ಒಂದು ಗೂಡಿತ್ತು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಲೆಕ್ಕದವರು. ಅಮ್ಮನ ಹೊಲಿಗೆಯ ಟೇಪು ಹಿಡಿದು ಮೂರು ಸಲ ಅಳೆದು, ಅಳತೆಯನ್ನು ಕಾರ್ಡಿನಲ್ಲಿ ಬರೆದು ಮಾವನಿಗೆ ಕಳಿಸಿದರು. ತಿಂಗಳಾದ ಮೇಲೆ ಲಗೇಜ್ ಆಟೋದಲ್ಲಿ ತೇಗದ ಬೀರು ಬಂತು. ಎಂಥ ನುಣುಪು, ಎಂಥ ಹೊಳಪು! ಗೂಡಿಗೆ ಮಾತ್ರ ಹೋಗಲಿಲ್ಲ. ಅರ್ಧ ಇಂಚು ದೊಡ್ಡದು. ಮಾವ ಸ್ಕೇಲು ತೆಗೆದು ಬೀರು ಅಳೆದರು, ಸರಿಯಾಗಿ ನಾಲ್ಕಡಿ. ಗೂಡು ಅಳೆದರು. "ನಿಮ್ಮ ಗೋಡೆ ಕುಗ್ಗಿದೆ ಮೇಷ್ಟ್ರೇ" ಎಂದರು. ಬೀರು ಇವತ್ತಿಗೂ ನಮ್ಮ ಜಗಲಿಯಲ್ಲಿ ಚಪ್ಪಲಿ ಕಾಯುತ್ತಿದೆ.

ಇಂಥ ಮಾವನ ಕೈಗೆ ನನ್ನ ಭವಿಷ್ಯ ಸಿಕ್ಕಿಬಿತ್ತು ನೋಡಿ!

ನಾನು ಪಿಯುಸಿ ಮುಗಿಸಿದ ವರ್ಷ ಅದು. ಮೊಬೈಲು ಇನ್ನೂ ಶ್ರೀಮಂತರ ಸೊಂಟದಲ್ಲಷ್ಟೇ ಇದ್ದ ಕಾಲ. ಯಾರಿಗೂ ಹೇಳದೆ ಡಿಸೈನ್ ಕಾಲೇಜಿನ ಪರೀಕ್ಷೆ ಬರೆದುಬಂದಿದ್ದೆ. ಸೀಟು ಸಿಕ್ಕಿತೆಂದು ಕಾಗದ ಬಂತು. ನಾಲ್ಕು ವರ್ಷದ ಪದವಿ, ಹತ್ತು ದಿನದೊಳಗೆ ಮೊದಲ ಕಂತು ಕಟ್ಟಬೇಕು. ಫೀಸಿನ ಸಾಲು ಓದಿ ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಒರೆಸಿದ್ದರಿಂದ ಅದೇನೂ ಕಮ್ಮಿಯಾಗಲಿಲ್ಲ. ಇತ್ತ ಊರಿನ ಎಂಜಿನಿಯರಿಂಗ್ ಸೀಟೂ ಕೈಯಲ್ಲಿತ್ತು. ಸಿಟಿ ಬಸ್ಸಿನಲ್ಲಿ ಹೋಗಿ ಊಟಕ್ಕೆ ಮನೆಗೆ ಬರಬಹುದು.

"ಡಿಸೈನ್ ಅಂದ್ರೆ ಬ್ಲೌಸಿಂದಾ?" ಎಂದರು ಪಕ್ಕದ ಮನೆಯವರು. "ಅದಕ್ಕೆ ನಾಲ್ಕು ವರ್ಷ ಯಾಕೆ? ನಮ್ಮ ಟೈಲರ್ ಆರು ತಿಂಗಳಲ್ಲಿ ಕಲಿತ."

ಮೊದಲ ಮೂರು ದಿನ ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬಾಗಿಲಿಗೆ ಹೋಗುತ್ತಿದ್ದೆ, ಹಿತ್ತಲಿಗೆ ಹೋಗುತ್ತಿದ್ದೆ, ಕಾಗದ ತೆಗೆದು ಓದಿ ಮಡಿಸಿಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. "ಇವಳಿಗೂ ಇವಳ ಮಾವನ ಕಾಲೇ ಬಂದಿದೆ" ಎಂದು ಅಮ್ಮ ಗೊಣಗಿದಳು. ಅಪ್ಪನಿಗೆ ಅದರಿಂದಲೇ ದಾರಿ ಹೊಳೆಯಿತೋ ಏನೋ, "ನಿಮ್ಮಣ್ಣನ್ನ ಕೇಳು. ನಮ್ಮಲ್ಲಿ ಡ್ರಾಯಿಂಗ್ ಹಿಡಿದು ಕೆಲಸ ಮಾಡಿದವರು ಅವರೊಬ್ಬರೇ. ಅವರು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ" ಎಂದುಬಿಟ್ಟರು.

ಮರುದಿನ ಬೆಳಗ್ಗೆ ಮಾವ ಹಾಜರ್. ಕಾಗದವನ್ನು ನಿಂತೇ ಓದಿದರು.

"ಏನು ಕಲಿಸ್ತಾರೆ ಅಲ್ಲಿ?"

"ದಿನಾ ಬಳಸೋ ವಸ್ತುಗಳನ್ನ ಇನ್ನೂ ಚೆನ್ನಾಗಿ ಹೇಗೆ ಮಾಡ್ಬೇಕು ಅಂತ, ಮಾವ."

"ಅದನ್ನ ನಾನು ಪುಕ್ಕಟೆ ಕಲ್ತೆ. ನಡಿ ಭದ್ರಾವತಿಗೆ. ದುಡ್ಡು ಕೊಡೋ ಮುಂಚೆ ಪರೀಕ್ಷೆ ಆಗ್ಬೇಕು."

ಪರೀಕ್ಷೆ ಅಂದರೆ ನಡೆಯುವುದು! ಓಲ್ಡ್ ಟೌನ್ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿಸಿದರು. ನಲ್ಲಿಯ ಹಿಡಿ, ಬೆಂಚಿನ ಕಾಲು, ತಕ್ಕಡಿಯ ಸರಪಳಿ, ಎಲ್ಲದರ ಮುಂದೆಯೂ ನಿಂತು "ಇದ್ರಲ್ಲಿ ಏನು ತಪ್ಪಿದೆ ಹೇಳು" ಎನ್ನುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಅಂಗಡಿಯಲ್ಲಿರುತ್ತಿದ್ದರು. ಪಾತ್ರೆ ಅಂಗಡಿಯ ಸಾಹೇಬರು ಮಾವನ ಹಳೆಯ ಪರಿಚಯ. ಅವರ ಮುಂದೆ ನನ್ನನ್ನು ನಿಲ್ಲಿಸಿ, "ಈ ಹುಡುಗಿ ಡಿಸೈನ್ ಕಲೀಬೇಕಂತೆ. ನಿಮ್ಮ ಅಂಗಡೀಲಿ ಭಾರಿ ತೊಂದರೆ ಕೊಡೋ ವಸ್ತು ಯಾವ್ದು ಹೇಳಿ, ಸರಿಮಾಡ್ತಾಳೆ" ಎಂದರು.

ಸಾಹೇಬರು ಯೋಚನೆಯನ್ನೂ ಮಾಡಲಿಲ್ಲ. "ನೀವೊಬ್ರೇ ಸಾಬ್" ಎಂದರು.

ಟೀ ಅಂಗಡಿಯಲ್ಲಿ ಲೋಟ ಕೈ ಸುಟ್ಟಿತು. ಲೋಟದ ಅಂಚು ಹೇಗಿದ್ದರೆ ಸುಡುವುದಿಲ್ಲ ಎಂದು ನಾನು ಉತ್ಸಾಹದಿಂದ ಶುರು ಮಾಡಿದೆ. ಮಾವ ಕೈ ಅಡ್ಡ ಹಿಡಿದರು. "ಬಾಯಲ್ಲಿ ಎಲ್ರೂ ಮಾಡ್ತಾರೆ ಮಾರಾಯ್ತಿ. ಮಾಡಿ ತೋರ್ಸು."

ಏನು ಮಾಡಿ ತೋರಿಸಬೇಕೆಂಬುದು ಮಾವನ ಮನೆಯಲ್ಲೇ ಸಿಕ್ಕಿತು. ಅತ್ತೆಗೆ ಮಂಡಿ ನೋವು. ಈಳಿಗೆಮಣೆ ಹಾಕಿಕೊಂಡು ನೆಲದ ಮೇಲೆ ಕೂತರೆ ಏಳಲು ಗೋಡೆ, ಬಾಗಿಲು, ಈಶ್ವರ ಮೂವರ ಸಹಾಯವೂ ಬೇಕು. ಚಾಕು ಹಿಡಿದು ನಿಂತು ಹೆಚ್ಚಲು ಅವರಿಗೆ ಬಾರದು. ಒಂದು ಸ್ಟೂಲು, ಅದರ ಪಕ್ಕಕ್ಕೆ ಚಾಚಿದ ಹಲಗೆ, ಆ ಹಲಗೆಯ ಚೌಕಟ್ಟಿನೊಳಗೆ ಅವರ ಹಳೆಯ ಈಳಿಗೆಮಣೆ ಗಟ್ಟಿಯಾಗಿ ಕೂತರೆ ಹೇಗೆ? ಚಿತ್ರ ಬರೆದೆ. ಮಾವ ನೋಡಿ, "ಕಾಲು ನೆಟ್ಟಗಿಟ್ರೆ ಮಗುಚತ್ತೆ. ಹೊರಗಡೆ ಚಾಚು" ಎಂದು ಪೆನ್ಸಿಲಿನಲ್ಲಿ ನಾಲ್ಕು ಗೀಟು ಎಳೆದರು. ಆಮೇಲೆ ಹಿತ್ತಲಿನ ಶೆಡ್ಡು, ಗರಗಸ, ಉಜ್ಜುಗೊರಡು ತೋರಿಸಿ, ತಮ್ಮ ಸ್ಕೇಲು ಕೈಗಿಟ್ಟು, ನನ್ನ ಸುತ್ತ ಪ್ರದಕ್ಷಿಣೆ ಹಾಕಲು ಶುರು ಮಾಡಿದರು. ಮೂರು ದಿನ ಕೈಯೆಲ್ಲ ಬೊಬ್ಬೆ. ಗಡುವಿಗೆ ಮೂರೇ ದಿನ ಉಳಿದಿದ್ದಾಗ ಸ್ಟೂಲು ನಿಂತಿತು.

ಈಳಿಗೆಮಣೆ ಇಟ್ಟೆ. ಗಡಗಡ ಅಲ್ಲಾಡಿತು! ಚೌಕಟ್ಟು ಸಡಿಲ.

"ಇದ್ರಲ್ಲಿ ಕುಂಬಳಕಾಯಿ ಹೆಚ್ಚಿದ್ರೆ ನನ್ನ ಬೆರಳೂ ಪಲ್ಯಕ್ಕೆ ಬೀಳತ್ತೆ ಕಣೇ" ಎಂದರು ಅತ್ತೆ.

ನನಗೆ ಅಳು ಬಂತು. ಹಾಗಾದರೆ ಪಕ್ಕದ ಮನೆಯವರು ಹೇಳಿದ್ದೇ ನಿಜವೇ? ಬ್ಲೌಸಿಗೂ ನಾನು ಲಾಯಕ್ಕಿಲ್ಲವೇ? ಅಳುತ್ತಲೇ ಮತ್ತೆ ಅಳೆದೆ. ಈಳಿಗೆಮಣೆಯನ್ನು ಅಳೆದಿದ್ದು ನನ್ನ ಸ್ಕೂಲಿನ ಪ್ಲಾಸ್ಟಿಕ್ ಸ್ಕೇಲಿನಲ್ಲಿ, ಒಂದೂವರೆ ಅಡಿ. ಚೌಕಟ್ಟನ್ನು ಅಳೆದಿದ್ದು ಮಾವನ ಸ್ಕೇಲಿನಲ್ಲಿ, ಅದೂ ಒಂದೂವರೆ ಅಡಿಯೇ. ಏನೋ ಅನುಮಾನ ಬಂದು ಎರಡೂ ಸ್ಕೇಲನ್ನು ಪಕ್ಕಪಕ್ಕ ಇಟ್ಟೆ. ಮಾವನ ಒಂದು ಅಡಿ ನನ್ನ ಒಂದು ಅಡಿಗಿಂತ ಉದ್ದವಿತ್ತು!

"ಮಾವ, ನಿಮ್ಮ ಸ್ಕೇಲು ಸುಳ್ಳು ಹೇಳ್ತಿದೆ!"

ಪ್ರದಕ್ಷಿಣೆ ನಿಂತಿತು. ಮಾವನ ಮುಖದಲ್ಲಿ ನಾನೆಂದೂ ಕಾಣದ ನಗು. "ಸುಳ್ಳಲ್ಲ ಮಾರಾಯ್ತಿ. ಅದು ಪ್ಯಾಟರ್ನ್ ಮಾಡೋರ ಸ್ಕೇಲು. ಕಾದ ಕಬ್ಬಿಣ ತಣ್ಣಗಾಗ್ತಾ ಒಂದು ಅಡಿಗೆ ಒಂದು ನೂಲು ಕುಗ್ಗತ್ತೆ, ಇಂಚಿನ ಎಂಟನೇ ಒಂದು ಪಾಲು. ಅದಕ್ಕೇ ಮರದಲ್ಲಿ ಮೊದಲೇ ಒಂದು ನೂಲು ಜಾಸ್ತಿ ಇಡ್ಬೇಕು. ಸ್ಕೇಲನ್ನೇ ಹಾಗೆ ಮಾಡಿರ್ತಾರೆ."

ನನಗೆ ಜಗಲಿಯ ಬೀರು ನೆನಪಾಯಿತು. ಚಿಕ್ಕಮ್ಮನ ಮನೆಗೆ ಮಾವ ಮಾಡಿಕೊಟ್ಟಿದ್ದ, ಎಂದೂ ಮುಚ್ಚದ ಕಿಟಕಿ ನೆನಪಾಯಿತು. "ಮರ ಕುಗ್ಗಲ್ವಲ್ಲ ಮಾವ! ಮನೆ ಸಾಮಾನು ಯಾಕೆ ಇದ್ರಲ್ಲಿ ಮಾಡಿದ್ರಿ?"

"ಮಾಮೂಲಿ ಸ್ಕೇಲಲ್ಲಿ ಮಾಡಿದ್ರೆ ಏನೋ ಕಮ್ಮಿ ಬಿತ್ತು ಅನ್ಸತ್ತೆ. ಕೈ ಒಪ್ಪಲ್ಲ" ಎಂದರು. ಸ್ಕೇಲನ್ನು ಜೇಬಿಗೆ ಹಾಕಿಕೊಳ್ಳುತ್ತ, "ಇಷ್ಟು ವರ್ಷ ಎಲ್ರೂ ನಗಾಡಿದ್ರು. ಎರಡು ಸ್ಕೇಲು ಪಕ್ಕಪಕ್ಕ ಇಟ್ಟು ನೋಡಿದ್ದು ನೀನೊಬ್ಳೇ" ಎಂದರು. ಇಬ್ಬರೂ ಸೇರಿ ಚೌಕಟ್ಟಿಗೆ ತೆಳ್ಳಗೆ ಬೆಣೆ ಹೊಡೆದೆವು. ಅತ್ತೆ ಸ್ಟೂಲಿನ ಮೇಲೆ ಕೂತು ಇಡೀ ಕುಂಬಳಕಾಯಿ ಹೆಚ್ಚಿ, ಯಾರ ಸಹಾಯವೂ ಇಲ್ಲದೆ ಎದ್ದರು. ಈಶ್ವರನಿಗೂ ಅವತ್ತು ರಜ.

ಮರುದಿನ ಆಲ್ಕೊಳದಲ್ಲಿ ತೀರ್ಪು. ಅಪ್ಪ ಕುರ್ಚಿಯಲ್ಲಿ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಮಾವ ನಡುಮನೆಯಲ್ಲಿ ಅತ್ತಿಂದಿತ್ತ.

"ಕಲಿಯೋದಕ್ಕೆ ಅಂತ ಆದ್ರೆ ಈ ಫೀಸು ದಂಡ ಮೇಷ್ಟ್ರೇ" ಎಂದರು. "ಕೆಲಸ ನಾನೇ ಕಲಿಸ್ತೀನಿ. ಅರ್ಧ ಈಗಾಗ್ಲೇ ಬರತ್ತೆ ಅವಳಿಗೆ."

"ಹಾಗಾದ್ರೆ ಬೇಡ ಅಂತೀರಾ ಭಾವ?" ಅಪ್ಪನ ದನಿಯಲ್ಲಿ ನಿರಾಳವಿತ್ತೋ ಬೇಸರವಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಕಿಟಕಿಯ ಹತ್ತಿರ ನಿಂತರು. "ಮೂವತ್ತೆರಡು ವರ್ಷ ಬೇರೆಯವ್ರ ಡ್ರಾಯಿಂಗ್ ನೋಡಿ ಮರ ಕೆತ್ತಿದೀನಿ. ಕೆಳಗಡೆ ಮೂಲೇಲಿ ಒಂದು ಚೌಕ ಇರತ್ತೆ, ಡಿಸೈನ್ ಮಾಡಿದವ್ರ ಹೆಸರು ಬರೆಯೋಕೆ. ಡ್ರಾಯಿಂಗಲ್ಲಿ ತಪ್ಪು ಕಂಡಾಗ ಎಷ್ಟೋ ಸಲ ಸುಮ್ನೆ ನಾನೇ ಮರದಲ್ಲಿ ಸರಿಮಾಡಿದೀನಿ. ಹೋಗಿ ಹೇಳೋಕೆ ಧೈರ್ಯ ಇರ್ಲಿಲ್ಲ. ಕೈಯಲ್ಲಿ ಡಿಗ್ರಿ ಅಂತ ಒಂದು ಕಾಗದ ಇರ್ಲಿಲ್ಲ ನೋಡಿ. ಆ ಚೌಕದಲ್ಲಿ ನನ್ನ ಹೆಸರು ಒಂದಿನಾನೂ ಬರ್ಲಿಲ್ಲ." ಆಮೇಲೆ ತಿರುಗಿ, "ಫೀಸು ಇರೋದು ಆ ಚೌಕಕ್ಕೆ. ಅದು ಬೇಕು ಅಂತಿದ್ರೆ ಕಟ್ಟಿ" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟೇಬಿಟ್ಟರು. ಮಧ್ಯಾಹ್ನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊದಲ ಕಂತಿನ ಡಿ.ಡಿ. ಮಾಡಿಸಿ ಉಳಿದ ಫೀಸಿಗೆ ಸಾಲದ ಅರ್ಜಿ ತರಲು ಬ್ಯಾಂಕಿಗೆ ಹೋದರು.

ಆ ದುಡ್ಡು ದಂಡವಾಯಿತೇ ಇಲ್ಲವೇ ಎಂದು ಈಗಲೂ ಜನ ಕೇಳುತ್ತಾರೆ. ನನಗೆ ಗೊತ್ತಿರುವುದು ಒಂದೇ ಸಂಗತಿ. ಕಾಲೇಜಿನಲ್ಲಿ ಮೊದಲ ಸಲ ಕೊಟ್ಟ ಕೆಲಸ, ನಿಮ್ಮ ಮನೆಯ ಒಂದು ವಸ್ತುವನ್ನು ಅಳತೆ ಸಮೇತ ಬರೆದು ತನ್ನಿ ಎಂದು. ನಾನು ಅತ್ತೆಯ ಸ್ಟೂಲು ಬರೆದೆ. ಕೆಳಗಿನ ಚೌಕದಲ್ಲಿ ಎರಡು ಹೆಸರು ನೋಡಿ ಮೇಡಂ, "ಮೇಲಿನ ಹೆಸರು ಯಾರದ್ದು? ಯಾವ ಬ್ಯಾಚು?" ಎಂದರು. "ನಮ್ಮ ಮಾವ, ಮೇಡಂ. ತುಂಬಾ ಹಳೇ ಬ್ಯಾಚು" ಎಂದೆ. ಎರಡು ಮಾರ್ಕು ಕಳೆದರು.

ದೀಪಾವಳಿ ರಜೆಗೆ ಬಂದವಳು ಆ ಹಾಳೆ ಸುತ್ತಿಕೊಂಡು ಭದ್ರಾವತಿಗೆ ಹೋದೆ. ಮಾವ ಅದನ್ನು ಬೆಳಕಿಗೆ ಹಿಡಿದು, ಜೇಬಿನಿಂದ ಸ್ಕೇಲು ತೆಗೆದು, ಗೀಟು ಗೀಟೂ ಅಳೆಯುತ್ತ ಬಂದರು. "ಅಳತೆ ಎಲ್ಲ ಸ್ವಲ್ಪ ಕಮ್ಮಿ ಇದೆ" ಎಂದು ಗೊಣಗಿದರು. ಹಾಗೇ ಕೆಳಗೆ ಇಳಿದ ಬೆರಳು ಮೂಲೆಯ ಚೌಕಕ್ಕೆ ಬಂದು ನಿಂತಿತು. ಇನಿಷಿಯಲ್ ಸಮೇತ ಅವರ ಹೆಸರು, ಅದರ ಕೆಳಗೆ ನನ್ನದು.

ಮಾವ ಹಿಂದಕ್ಕೆ ಕೈ ಚಾಚಿ ಕುರ್ಚಿಗಾಗಿ ತಡಕಾಡಿದರು. ಸಿಕ್ಕಿತು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಷ್ಟರಲ್ಲಿ ಕಾಫಿ ತಂದ ಅತ್ತೆ ಬಾಗಿಲಲ್ಲೇ ಗಕ್ಕನೆ ನಿಂತು, ಲೋಟ ನನ್ನ ಕೈಗೆ ತುರುಕಿ, ಓಡಿಹೋಗಿ ಮಾವನ ಹಣೆ ಮುಟ್ಟಿ ನೋಡಿದರು. "ಏನಾಯ್ತ್ರೀ? ಯಾಕೆ ಕೂತ್ಬಿಟ್ರಿ? ಡಾಕ್ಟ್ರನ್ನ ಕರೆಸ್ಲಾ?"