ಬಸವರಾಜಪ್ಪನವರ ಇಪ್ಪತ್ತು ನಿಮಿಷ

ನಾನು ಒಳ್ಳೆಯ ಡ್ರೈವರ್ ಎಂದು ಹದಿನೆಂಟು ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬಲು ನಮ್ಮ ಕಡೆಯ ರಸ್ತೆಗಳೂ ಸಹಾಯ ಮಾಡಿದವು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಕಾರು ಇಟ್ಟುಕೊಂಡವನು ಆಯುಷ್ಯದ ಬಹುಪಾಲನ್ನು ಮುಂದಿನ ರಿಕ್ಷಾದ ಬೆನ್ನು ಓದುತ್ತ ಕಳೆಯುತ್ತಾನೆ. ಮಾಜಿವಾಡಾ ಸಿಗ್ನಲ್ಲಿನಲ್ಲಿ ನಿಂತಿರುವಾಗ ಶೂರನಿಗೂ ಹೇಡಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಹಾಗಾಗಿ ಒಮ್ಮೆಯಾದರೂ ನಿಜವಾದ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಬೇಕೆಂಬ ಆಸೆ ನನ್ನಲ್ಲಿ ಸುಖವಾಗಿ ಬೆಳೆಯಿತು. ನನ್ನ ಹೆಂಡತಿ ಸುಮತಿ ಉಡುಪಿಯವಳು. ಈ ಆಸೆ ಕೇಳಿದಾಗಲೆಲ್ಲ ಅವಳದ್ದು ಒಂದೇ ಪ್ರಶ್ನೆ: "ನಿಮಗೆ ಮಂಡೆ ಸಮ ಉಂಟಾ?"

ಸಮ ಇಲ್ಲದ ಇನ್ನೊಂದು ಮಂಡೆ ನನಗೆ ಕೆಲಸದ ಜಾಗ ತುರ್ಭೆಯಲ್ಲೇ ಸಿಕ್ಕಿತು. ನಾನು ಅಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೇನೆ. ವಿಜಯಪುರದ ಕಡೆಯ ಬಸವರಾಜಪ್ಪನವರು ಅದೇ ಕಾರ್ಖಾನೆಯ ಟೆಂಪೊ ಡ್ರೈವರ್. ಮೂವತ್ತು ವರ್ಷ ಸಾಮಾನು ಹೊತ್ತು ಓಡಾಡಿದ ಅವರಿಗೂ ಒಂದೇ ಒಂದು ಆಸೆಯಿತ್ತು. "ಶೆಟ್ರ, ಎದುರಿಗೆ ಯಾರೂ ಬರಬಾರದ್ರಿ, ಹಿಂದ ಯಾರೂ ಹಾರ್ನ್ ಹೊಡೀಬಾರದು. ಅಂಥಾ ರಸ್ತೇದಾಗ ಒಂದ್ ಸಲ ಗಾಡಿ ಬಿಡಬೇಕ್ರಿ, ಒಂದs ಸಲ" ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಇಬ್ಬರೂ ಮೊಬೈಲು ಹಿಡಿದು, ಬಡವರು ಟ್ರ್ಯಾಕಿಗೆ ಇಳಿಯುವ ದಾರಿಗಳನ್ನು ಹುಡುಕತೊಡಗಿದೆವು.

ಮೊದಲು ಹೋದದ್ದು ನವಿ ಮುಂಬಯಿಯ ಒಂದು ಮಾಲಿನಲ್ಲಿ ಓಡಿಸುವ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಬಂಡಿಗಳಿಗೆ. ನನ್ನ ಹೊಟ್ಟೆಗೂ ಅದರ ಸ್ಟಿಯರಿಂಗಿಗೂ ಹೊಂದಿಕೆಯಾಗಲಿಲ್ಲ. ಬಲಕ್ಕೆ ತಿರುಗಬೇಕಾದರೆ ಉಸಿರು ಒಳಗೆಳೆದುಕೊಳ್ಳಬೇಕಾಗಿತ್ತು. ಜಡೆಗೆ ರಿಬ್ಬನ್ ಕಟ್ಟಿಕೊಂಡ ಒಬ್ಬ ಹುಡುಗಿ ನನ್ನನ್ನು ಮೂರು ಸಲ ದಾಟಿ ಹೋದಳು, ಮೂರನೆಯ ಸಲ ಕೈಯನ್ನೂ ಬೀಸಿದಳು. ಎರಡನೆಯ ದಾರಿ ರೇಸ್ ನಡೆಯುವಲ್ಲಿ ಸ್ವಯಂಸೇವಕರಾಗುವುದು. ದಿನವಿಡೀ ಬಿಸಿಲಲ್ಲಿ ಬಾವುಟ ಹಿಡಿದು ನಿಂತರೆ, ಸಂಜೆ ಪುಣ್ಯವಿದ್ದರೆ ಯಾರಾದರೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರಂತೆ. ಬಸವರಾಜಪ್ಪ ಒಪ್ಪಲಿಲ್ಲ. "ಬಾಜೂಕ ಕುಂಡ್ರೂದಾದ್ರ ಬಸ್ಸಿನ್ಯಾಗ ಕುಂಡ್ರತೀನಲ್ರಿ."

ಕೊನೆಗೆ ದಾರಿ ಸಿಕ್ಕಿತು. ಕಲ್ಯಾಣದಾಚೆ ಖಾಸಗಿ ಜಾಗವೊಂದರಲ್ಲಿ ಟ್ರ್ಯಾಕ್ ಮಾಡಿದ್ದರು. ತಿಂಗಳಿಗೊಂದು ಭಾನುವಾರ ನಮ್ಮ ನಮ್ಮ ಕಾರನ್ನೇ ತಂದು ಓಡಿಸಬಹುದು. ಒಂದು ಕಾರಿಗೆ ಇಬ್ಬರ ಹೆಸರು ಕೊಡಬಹುದು, ಫೀಸಿನಲ್ಲಿ ಅರ್ಧರ್ಧ, ತಲಾ ಇಪ್ಪತ್ತು ನಿಮಿಷ. ಹೆಲ್ಮೆಟ್ ಅವರೇ ಕೊಡುತ್ತಾರೆ. ಬಸವರಾಜಪ್ಪ ಆ ಭಾನುವಾರಕ್ಕೆಂದೇ ತೆಳು ಅಟ್ಟೆಯ ಬಿಳಿ ಬೂಟು ಕೊಂಡರು. ಪೆಡಲ್ಲು ಪಾದಕ್ಕೆ ತಿಳಿಯಬೇಕಂತೆ.

ಮೊದಲು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಏಳಬೇಕಿತ್ತು. ಕಾರು ನನ್ನದು ಎಂಬ ಒಂದೇ ಅರ್ಹತೆಯ ಮೇಲೆ ನಾನು ಹತ್ತಿ ಕುಳಿತೆ. ಸಂಘಟಕರು ಸ್ಪಷ್ಟವಾಗಿ ಹೇಳಿದ್ದರು, ಬಸವರಾಜಪ್ಪನವರೂ ಕಿಟಕಿಯಲ್ಲಿ ಬಗ್ಗಿ ಮತ್ತೆ ಹೇಳಿದರು: "ಕಡೀ ರೌಂಡ್ ನಿಧಾನ ಹೊಡೀರಿ ಶೆಟ್ರ. ಬ್ರೇಕ್ ಕಾದಿರ್ತಾವ, ಆರಬೇಕು." ನಾನು ತಲೆಯಾಡಿಸಿದೆ. ಹೆಲ್ಮೆಟ್ಟಿನೊಳಗೆ ತಲೆಯಾಡಿಸುವುದೇ ಒಂದು ಗಾಂಭೀರ್ಯ.

ಕೊನೆಯ ಸುತ್ತಿಗೆ ಬಾವುಟ ಬೀಸಿದ್ದು ನನಗೆ ಕಂಡಿತು. ಅದರ ಪಕ್ಕದಲ್ಲೇ ಬೇಲಿಗೆ ಆತು ನಿಂತ ಸುಮತಿಯೂ ಕಂಡಳು. ನಮ್ಮ ಜೊತೆ ಬಂದು ಅಲ್ಲಿಯವರೆಗೆ ನೆರಳಲ್ಲಿ ಕುಳಿತಿದ್ದವಳು ಅದೇ ಆಗ ಎದ್ದು ಬಂದು ಮೊಬೈಲು ಎತ್ತಿ ವಿಡಿಯೊ ತೆಗೆಯುತ್ತಿದ್ದಳು. ಹದಿನೆಂಟು ವರ್ಷದ ಆಸೆ, ಅದಕ್ಕೆ ಸಿಗುವ ಒಂದೇ ದಾಖಲೆ. ಅದರಲ್ಲಿ ನಾನು ತರಕಾರಿ ತರಲು ಹೊರಟವನಂತೆ ಕಾಣಬೇಕೆ? ಆ ಕೊನೆಯ ಸುತ್ತನ್ನೂ ಜೋರಾಗಿಯೇ ಹೊಡೆದೆ. ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ಲು ಅನ್ನದ ಮುದ್ದೆಯಂತೆ ಮೆತ್ತಗೆ ನೆಲಕ್ಕೆ ಹೋಯಿತು. ಕಾರು ಸಾವಧಾನವಾಗಿ ಟ್ರ್ಯಾಕ್ ಬಿಟ್ಟು, ಹುಲ್ಲು ದಾಟಿ, ಮರಳಿನ ಚೀಲಗಳಿಗೆ ಮೂಗು ಒತ್ತಿ ನಿಂತಿತು. ಚಕ್ರಗಳಿಂದ ಹೊಗೆ. ಸುಮತಿ ವಿಡಿಯೊ ನಿಲ್ಲಿಸಿರಲಿಲ್ಲ.

ಕಾರುಗಳ ತಪಾಸಣೆಗೆಂದು ಸಂಘಟಕರು ಇಟ್ಟಿದ್ದ ಹೆಣ್ಣುಮಗಳು ಬಂದು ಚಕ್ರ ನೋಡಿದಳು, ಪೆಡಲ್ಲು ಒತ್ತಿದಳು. "ನಾಹೀ ಕಾಕಾ. ಬ್ರೇಕ್ ಗೇಲೇ. ಯೇ ಗಾಡಿ ಆಜ್ ವಾಪಸ್ ಟ್ರ್ಯಾಕ್ ಪೆ ನಹೀ ಜಾಯೇಗೀ."

ಬ್ರೇಕ್ ಹೋಗಿದೆ, ಈ ಕಾರು ಇವತ್ತು ಮತ್ತೆ ಟ್ರ್ಯಾಕಿಗಿಳಿಯುವಂತಿಲ್ಲ. ನಾನು ತಿರುಗಿ ನೋಡಿದೆ. ಬಸವರಾಜಪ್ಪ ಆಗಲೇ ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದುಕೊಂಡು ನಿಂತಿದ್ದರು. ಆ ಮಾತು ಕೇಳಿ ನಿಧಾನವಾಗಿ ಪಟ್ಟಿ ಬಿಚ್ಚಿದರು. ಹೆಲ್ಮೆಟ್ ತೆಗೆದು, ಕರವಸ್ತ್ರದಿಂದ ಅದರ ಒಳಗನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಹೋಗ್ಲಿ ಬಿಡ್ರಿ. ಮುಂದಿನ ಸಲ ನಾ ಮೊದಲ ಹೊಡೀತೀನಿ" ಎಂದಷ್ಟೇ ಹೇಳಿ, ಮರಳು ಮೆತ್ತಿದ ಬಂಪರನ್ನು ಕೈಯಿಂದ ಕೊಡವತೊಡಗಿದರು.

ಮುಂದಿನ ಸಲ ಬರಲಿಲ್ಲ. ಒಂದು ತಿಂಗಳು ಕಾರು ರಿಪೇರಿಯಲ್ಲಿತ್ತು, ಇನ್ನೊಂದು ತಿಂಗಳು ನನಗೆ ಮದುವೆ ಮನೆ, ಆಮೇಲೆ ಮಳೆ. ಮಳೆ ನಿಲ್ಲುವಷ್ಟರಲ್ಲಿ ಕಾರ್ಖಾನೆಯ ಕಣ್ಣಿನ ಪರೀಕ್ಷೆಯಲ್ಲಿ ಬಸವರಾಜಪ್ಪನವರಿಗೆ ಎರಡೂ ಬದಿಯ ನೋಟ ಕುಗ್ಗಿದೆ ಎಂದು ಗೊತ್ತಾಯಿತು. ಕಣ್ಣಿನ ನರದ ತೊಂದರೆ, ಹೋದದ್ದು ತಿರುಗಿ ಬರುವುದಿಲ್ಲ. ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಮೂವತ್ತು ವರ್ಷದ ಡ್ರೈವರನ್ನು ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ಒಂದು ಭಾನುವಾರ ಧೈರ್ಯ ಮಾಡಿ ಕಲ್ಯಾಣದ ಪಕ್ಕದ ಶಹಾಡಿನಲ್ಲಿದ್ದ ಅವರ ಮನೆಗೆ ಕ್ಷಮೆ ಕೇಳಲು ಹೋದೆ. ಚಹಾ ಕೊಟ್ಟರು. ನಾನು ಬಾಯಿಪಾಠ ಮಾಡಿಕೊಂಡು ಹೋದ ಮಾತು ಶುರುಮಾಡುವುದರೊಳಗೆ ಅವರೇ ಕೇಳಿದರು: "ಅದಿರಲಿ ಶೆಟ್ರ, ಹೆಂಗಿತ್ತು ಹೇಳ್ರಿ. ಆವತ್ತು ಕೇಳಾಕs ಆಗಲಿಲ್ಲ."

ನಾನು ಹುರುಪಿನಿಂದ ವರ್ಣಿಸತೊಡಗಿದೆ. ಅವರು ಕಣ್ಣು ಮುಚ್ಚಿ, ಬಲಗಾಲು ಮುಂದೆ ಚಾಚಿ ಕೇಳುತ್ತಿದ್ದರು.

"ತಿರುವಿನ್ಯಾಗ ಎಷ್ಟನೇ ಗೇರು?"

"ಮೂರು."

"ಸೀದಾ ದಾರ್ಯಾಗ?"

ಯೋಚಿಸಿದೆ. "ಅದೂ... ಮೂರೇ."

ಅವರು ಕಣ್ಣು ಬಿಟ್ಟರು. "ಇಪ್ಪತ್ತ್ ನಿಮಿಷದಾಗ ನಾಕಕ್ಕ ಹಾಕಲೇ ಇಲ್ಲೇನ್ರಿ?"

ಇಲ್ಲ. ಭಯದಲ್ಲಿ ನನಗೆ ಅದು ನೆನಪೇ ಆಗಿರಲಿಲ್ಲ. ಬಸವರಾಜಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಬಟ್ಟಲನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ನಾ ಹಾಕತಿದ್ದೆ ನೋಡ್ರಿ."

ಹಾಕುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ವಾಪಸು ಬರುವಾಗ ಕಲ್ಯಾಣದ ಸೇತುವೆ ಅಪರೂಪಕ್ಕೆ ಖಾಲಿಯಿತ್ತು. ನಾಲ್ಕನೆಯ ಗೇರಿಗೆ ಹಾಕಿದೆ. ಹಿಂದಿನಿಂದ ಗ್ಯಾಸ್ ಸಿಲಿಂಡರಿನ ಗಾಡಿಯೊಂದು ಹಾರ್ನ್ ಹೊಡೆದು, ನನ್ನನ್ನು ದಾಟಿ ಹೋಯಿತು.